ಕಂಪ್ಯೂಟರಿಗೆ ಸೆಕೆ

ಏಪ್ರಿಲ್ ತಿಂಗಳ ಮಧ್ಯಾಹ್ನ ಶೀಟಿನ ಸೂರಿನ ಕೆಳಗೆ ಕೂತರೆ ಮನುಷ್ಯರಿಗೆ ಸೆಕೆಯಾಗುತ್ತದೆ. ಇಷ್ಟನ್ನು ಅಚ್ಚು ಹಾಕಿಸಿ ಹೇಳಬೇಕಾದ ಗತಿ ಬಂದಿದೆ. ಏಕೆಂದರೆ, ಎರಡು ಸಾವಿರದ ಐದನೇ ಇಸವಿಯಲ್ಲಿ, ಮುಳಬಾಗಿಲಿನಲ್ಲಿ ಲಗ್ನಪತ್ರಿಕೆ ಮತ್ತು ಕಂಪ್ಯೂಟರ್ ಜಾತಕದ ಅಂಗಡಿ ಇಟ್ಟಿದ್ದ ಪ್ರಹ್ಲಾದಾಚಾರ್ಯರಿಗೆ ಇದು ಗೊತ್ತಿರಲಿಲ್ಲ. ಅವರೊಬ್ಬರಿಗೇ ಗೊತ್ತಿರಲಿಲ್ಲ ಎಂದು ಯಾರೂ ಸಮಾಧಾನ ಪಟ್ಟುಕೊಳ್ಳಬೇಕಾಗಿಲ್ಲ.

ಅಂಗಡಿಯಲ್ಲಿದ್ದದ್ದು ಒಂದೇ ಕಂಪ್ಯೂಟರು, ಒಂದೇ ಟೇಬಲ್ ಫ್ಯಾನು. ಫ್ಯಾನಿನ ಮುಖ ಕಂಪ್ಯೂಟರ್ ಡಬ್ಬದ ಕಡೆಗೆ. ಪಕ್ಕದಲ್ಲಿ ಕೂತು ಟೈಪು ಮಾಡುವ ಅನಿತ ದೇವರಾಯಸಮುದ್ರದಿಂದ ದಿನಾ ಬಸ್ಸಿನಲ್ಲಿ ಬರುವವಳು. ಅವಳ ಮನೆಯಲ್ಲಿ ರೇಷ್ಮೆ ಹುಳಕ್ಕೆ ಸೆಕೆಯಾಗದಂತೆ ಗೋಣಿ ನೆನೆಸಿ ಕಟ್ಟುತ್ತಾರೆ, ಅಂಗಡಿಯಲ್ಲಿ ಕಂಪ್ಯೂಟರಿಗೆ ಗಾಳಿ ಬೀಸುತ್ತಾರೆ. ಎರಡರ ನಡುವೆ ಓಡಾಡುವ ಅವಳಿಗೆ ಬಸ್ಸಿನ ಕಿಟಕಿಯೇ ಗತಿ. ಫ್ಯಾನು ಒಂದು ಗೇಣು ಈ ಕಡೆ ತಿರುಗಿದರೆ ಸಾಕು ಎಂದು ಹೋದ ಬೇಸಗೆಯಿಂದ ಕೇಳುತ್ತಲೇ ಇದ್ದಳು. ಆಚಾರ್ಯರಿಗೆ ಆ ಕಿವಿ ಇರಲಿಲ್ಲ.

ಅವತ್ತು ಕಂಪ್ಯೂಟರು ಬೆಳಗಿನಿಂದ ಪದೇ ಪದೇ ಆರಿಹೋಗುತ್ತಿತ್ತು. ಕೋಲಾರದಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವ ಭಾವಮೈದ ವಂಶಿಕೃಷ್ಣ ಬಂದು ನಿಂತಿದ್ದ. ಜಗಳ ಕಾದಿತ್ತು.

ವಂಶಿಕೃಷ್ಣ: ಗಾಳಿ ಸಾಲಲ್ಲ ಭಾವ, ಬರ್ದಿಟ್ಕೊಳ್ಳಿ. ಇದಕ್ಕೆ ವಾಟರ್ ಕೂಲಿಂಗೇ ಆಗ್ಬೇಕು.

ಪ್ರಹ್ಲಾದ: ಕರೆಂಟಿನ ಪದಾರ್ಥಕ್ಕೆ ನೀರು ಬಿಡ್ತೀನಿ ಅಂತೀಯಲ್ಲೋ! ನಿಮ್ಮಕ್ಕನ ತಾಳಿ ಮೇಲೆ ಯಾಕೋ ನಿಂಗೆ ಕಣ್ಣು?

ವಂಶಿಕೃಷ್ಣ: ಮೇಲೆ ಸುರಿಯಲ್ಲ ಭಾವ. ಸಣ್ಣ ಪೈಪು ಇರುತ್ತೆ. ನೀರು ಪೈಪಲ್ಲೇ ಸುತ್ತುತ್ತೆ, ಬಿಸಿ ಎತ್ಕೊಂಡು ಆಚೆ ಬರುತ್ತೆ, ತಣ್ಣಗಾಗಿ ಒಳಗೋಗುತ್ತೆ. ಬೆಂಗ್ಳೂರಲ್ಲಿ ಕಣ್ಣಾರೆ ನೋಡ್ದೆ. ನೀಲಿ ಲೈಟು ಬೇರೆ!

ಪ್ರಹ್ಲಾದ: ಅದೇ ನೀರೇ ಸುತ್ತುತ್ತಾ? ಬದಲಾಯಿಸಲ್ವಾ?

ವಂಶಿಕೃಷ್ಣ: ವರ್ಷಕ್ಕೊಂದ್ಸಲ.

ಪ್ರಹ್ಲಾದ: ಥೂ! ದೇವರ ಫೋಟೋ ಪಕ್ಕ ಇರೋ ಯಂತ್ರಕ್ಕೆ ತಂಗಳು ನೀರಾ? ದಿನಾ ಬದಲಾಯಿಸೋ ಹಾಗಿದ್ರೆ ಹೇಳು, ಸ್ನಾನ ಮುಗಿಸಿ ಮಡೀಲೇ ಬಂದು ತುಂಬ್ತೀನಿ.

ಅನಿತ: ನಾನೇ ತುಂಬ್ತೀನಿ ಬಿಡಿ ಸಾರ್. ಬೆಳಿಗ್ಗೆ ಬಾಗ್ಲು ತೆಗೆಯೋಳು ನಾನೇ ತಾನೆ?

ಪ್ರಹ್ಲಾದ: ನೀನಾ... ಬೇಡಮ್ಮ. ನೀರಿನ ವಿಷಯ ನಿಂಗ್ಯಾಕೆ?

ಅನಿತ: ಕೀಬೋರ್ಡು ದಿನವೆಲ್ಲ ಮುಟ್ಬೋದು, ನೀರು ಮುಟ್ಬಾರ್ದಾ?

ಪ್ರಹ್ಲಾದ: ಕೀಬೋರ್ಡು ಒಣಗಿದ್ದಲ್ವೇನಮ್ಮ!

ಒಣಗಿದ್ದಕ್ಕೆ ಮೈಲಿಗೆಯಿಲ್ಲ ಎಂಬ ಸೌಕರ್ಯವನ್ನು ಹಿರಿಯರು ಮಾಡಿಟ್ಟಿರದಿದ್ದರೆ ಆಚಾರ್ಯರೇ ಕೂತು ಟೈಪು ಮಾಡಬೇಕಾಗುತ್ತಿತ್ತು. ಅನಿತಳ ಕತ್ತಿನಿಂದ ಬೆವರು ಇಳಿದು ಕೀಬೋರ್ಡಿನ ಮೇಲೆ ಬಿದ್ದಿತು. ಅದನ್ನು ಅವರು ನೋಡಲಿಲ್ಲ. ನೋಡಿದ್ದರೆ ಶಾಸ್ತ್ರ ಹುಡುಕಬೇಕಿತ್ತು.

ಅನಿತ: ವಂಶಿಯಣ್ಣಾ, ನಮ್ಮೂರ ಬೋರ್ ನೀರು ಹಾಕಿದ್ರೆ ನಿಮ್ ಪೈಪಲ್ಲಿ ಸುಣ್ಣ ಕಟ್ಟಲ್ವಾ?

ವಂಶಿಕೃಷ್ಣ: ಬೋರ್ ನೀರು ಯಾರ್ ಹಾಕ್ತಾರೆ? ಬರೀ ಫ್ಲೋರೈಡು. ಕ್ಯಾನ್ ನೀರು ತರಿಸ್ಬೇಕು.

ಪ್ರಹ್ಲಾದ: ತರಿಸೋಣ. ಯಂತ್ರದ ಆರೋಗ್ಯ ಮುಖ್ಯ.

ಅನಿತ: ಸಾರ್, ನಾನು ಕುಡಿಯೋದು ಅಂಗಡಿ ಹಿತ್ತಿಲ ನಲ್ಲೀಲಿ ಬರೋ ಬೋರ್ ನೀರೇ.

ಪ್ರಹ್ಲಾದ: ನಿಂಗೆ ಅಭ್ಯಾಸ ಆಗಿದೆಯಲ್ಲಮ್ಮ. ಪಾಪ, ಅದಕ್ಕಿಲ್ಲ.

ಅನಿತ: ಹಲ್ಲು ನೋಡಿ ಸಾರ್, ಹಳದಿ ಆಗೋಗಿದೆ.

ಪ್ರಹ್ಲಾದ: ಅದಕ್ಕೇ ಹೇಳಿದ್ದು, ಕಂಪ್ಯೂಟರಿಗೆ ಬೇಡ ಅಂತ!

ಅಷ್ಟರಲ್ಲಿ ಕಂಪ್ಯೂಟರು ಮತ್ತೆ ಆರಿತು. ಪರದೆಯ ಮೇಲಿದ್ದ ಮುನಿರಾಮಪ್ಪನ ಮಗಳ ಲಗ್ನಪತ್ರಿಕೆ, ವಧುವಿನ ಹೆಸರು ಅರ್ಧಕ್ಕೆ ಬಂದಿದ್ದ ಹಾಗೇ, ಮಾಯವಾಯಿತು.

ಪ್ರಹ್ಲಾದ: ಅಯ್ಯೋ! ಹಾಗೆ ಕುಟ್ಟಿದ್ರೆ ಇನ್ನೇನಾಗುತ್ತೆ? ನಿಧಾನಕ್ಕೆ ಒತ್ತೋಕೆ ಏನ್ ರೋಗ?

ಅನಿತ: ನಿಧಾನಕ್ಕೆ ಒತ್ತಿದ್ರೆ ಮದ್ವೆ ಆಷಾಢಕ್ಕೆ ಹೋಗುತ್ತೆ ಸಾರ್.

ಪ್ರಹ್ಲಾದ: ಯಾರೂ ಮುಟ್ಬೇಡಿ. ಬಿಸಿ ಆಗಿದೆ, ಸುಧಾರಿಸ್ಕೊಳ್ಲಿ. ಲೇ ವಂಶಿ, ನಿನ್ ನೀರೂ ಬೇಡ, ನೀಲಿ ಲೈಟೂ ಬೇಡ. ಇನ್ನೊಂದು ಫ್ಯಾನ್ ತಂದು ಆ ಕಡೆಯಿಂದ್ಲೂ ಬಿಡೋಣ. ಗಾಳಿ ಅಂದ್ರೆ ವಾಯುದೇವರು, ನಮ್ಮ ಮಾಧ್ವರಿಗೆ ಗುರುಗಳಿದ್ದ ಹಾಗೆ.

ಎರಡನೇ ಫ್ಯಾನು ಬರುತ್ತದೆ, ಅದೂ ಡಬ್ಬಕ್ಕೇ! ಅನಿತ ಸೆರಗಿನಿಂದ ಮುಖ ಒರೆಸಿಕೊಂಡಳು. ವಂಶಿಕೃಷ್ಣ ಮಾತ್ರ ಸೋಲೊಪ್ಪದೆ, ಪೈಪಿನ ಅಳತೆಯನ್ನಾದರೂ ತೆಗೆದುಕೊಳ್ಳುವೆನೆಂದು ಡಬ್ಬದ ಸ್ಕ್ರೂ ಬಿಚ್ಚಿದ. ಒಳಗೆ ಬಗ್ಗಿ ನೋಡಿದವನು ಹಾಗೇ ನಿಂತ.

ವಂಶಿಕೃಷ್ಣ: ಭಾವ, ಇದೇನಿದು? ಒಳಗೆ ಅಕ್ಕಿ!

ಪ್ರಹ್ಲಾದ: ಅಕ್ಕಿ ಅನ್ಬೇಡ್ವೋ, ಅಕ್ಷತೆ ಅನ್ನು. ಒಂದೊಂದು ಲಗ್ನಪತ್ರಿಕೆ ಮುಗಿದಾಗ್ಲೂ ಡಬ್ಬದ ಮೇಲೆ ನಾಲ್ಕು ಕಾಳು ಹಾಕ್ತೀನಿ. ಇಲ್ಲಿ ಅಚ್ಚಾದ ಜೋಡಿಗಳೆಲ್ಲ ಸುಖವಾಗಿದ್ದಾರೆ, ಕೇಳ್ಕೊಂಡ್ ಬಾ.

ವಂಶಿಕೃಷ್ಣ: ಜೋಡಿಗಳು ಸುಖವಾಗಿದ್ದಾರೆ, ಫ್ಯಾನು ಸತ್ತಿದೆ! ಮೇಲಿನ ತೂತಲ್ಲಿ ಇಳಿದು ತಾಲ್ಲೂಕಿನ ಮದ್ವೆಗಳೆಲ್ಲ ಇದರ ರೆಕ್ಕೆಗೆ ಸಿಕ್ಕಾಕ್ಕೊಂಡಿವೆ.

ಪ್ರಹ್ಲಾದ: ಒಳಗೂ ಒಂದು ಫ್ಯಾನಿದೆಯಾ?

ವಂಶಿಕೃಷ್ಣ: ಅದೇ ಭಾವ ಏರ್ ಕೂಲಿಂಗು! ಹುಟ್ಟಿನಿಂದ್ಲೂ ಇದೆ! ನೀವು ಆಶೀರ್ವಾದ ಮಾಡಿ ಮಾಡಿ ಉಸಿರು ಕಟ್ಟಿಸಿದ್ದೀರ!

ಅನಿತ ತಡೆಯಲಾರದೆ ನಕ್ಕಳು. ವಂಶಿಕೃಷ್ಣ ಬ್ರಷ್ಷಿನಿಂದ ಗುಡಿಸಿದ, ಬಾಯಿಂದ ಊದಿದ. ಅರಿಶಿನದ ಕಾಳುಗಳು ಮೇಜಿನ ಮೇಲೆಲ್ಲ ಹರಡಿದವು. ಸ್ವಿಚ್ ಒತ್ತಿದಾಗ ಒಳಗಿನ ಫ್ಯಾನು ಗುಂಯ್ ಎಂದು ಸುತ್ತತೊಡಗಿತು. ಸ್ವಲ್ಪ ಹೊತ್ತು ಕಾದು ನೋಡಿದರು. ಡಬ್ಬ ತಣ್ಣಗಿತ್ತು.

ವಂಶಿಕೃಷ್ಣ: ಮುಗೀತು. ಇನ್ನು ಹೊರಗಿನ ಗಾಳಿ ಇದಕ್ಕೆ ಬೇಕಾಗಿಲ್ಲ.

ಅನಿತ ಆ ಮಾತಿಗೇ ಕಾದಿದ್ದವಳಂತೆ ಫ್ಯಾನಿನ ಕತ್ತಿಗೆ ಕೈ ಹಾಕಿದಳು.

ಪ್ರಹ್ಲಾದ: ಏಯ್ ಏಯ್! ಇರ್ಲಿ ಬಿಡಮ್ಮ. ಈಗ ತಾನೇ ಕಾಯಿಲೆಯಿಂದ ಎದ್ದಿದೆ. ಎರಡು ದಿನ ಗಾಳಿ ಆಡ್ಲಿ.

ಅನಿತ ಅವರ ಮುಖವನ್ನೇ ನೋಡಿದಳು. ತಮಾಷೆಯಲ್ಲ, ಆಚಾರ್ಯರು ನಿಜಕ್ಕೂ ಕರುಣೆಯಿಂದ ಹೇಳಿದ್ದರು. ಅವಳು ಕೈ ತೆಗೆದು ಎದ್ದು ನಿಂತಳು.

ಅನಿತ: ಹಾಗಾದ್ರೆ ನಾನೂ ಹ್ಯಾಂಗ್ ಆದೆ ಸಾರ್.

ಪ್ರಹ್ಲಾದ: ಏನಾದೆ?

ಅನಿತ: ಹ್ಯಾಂಗ್ ಆದೆ. ಬಿಸಿ ಜಾಸ್ತಿ ಆಯ್ತು. ಆಚೆ ಹೊಂಗೆ ಮರದ ಕೆಳಗೆ ಸುಧಾರಿಸ್ಕೊಳ್ತೀನಿ. ತಣ್ಣಗಾಗೋವರ್ಗೂ ಯಾರೂ ಮುಟ್ಬೇಡಿ.

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಬಾಗಿಲಲ್ಲಿ ಅವಳಿಗೆ ಎದುರಾಗಿ ಮುನಿರಾಮಪ್ಪ ಬಂದ.

ಮುನಿರಾಮಪ್ಪ: ಏಂ ಸ್ವಾಮೀ, ಅಯಿಂದಾ? ಮಗಳ ಪತ್ರಿಕೆ ಆಯ್ತಾ? ಕೈಗೆ ಕೊಟ್ರೆ ಇದೇ ಬಸ್ಸಿಗೆ ಹೊರಟೆ.

ಪ್ರಹ್ಲಾದ: ಕೂತ್ಕೊಳಪ್ಪ. ಹುಡುಗಿ ಹೋದ್ರೆ ಏನು, ನಂಗೇನು ಬರಲ್ವಾ?

ಉತ್ತರೀಯ ಕೊಡವಿ ಅನಿತಳ ಕುರ್ಚಿಯಲ್ಲಿ ಕೂತರು. ನೆತ್ತಿಯ ಮೇಲೆ ಕಾದ ಶೀಟು, ಬೆನ್ನಿಗೆ ಕಾದ ಗೋಡೆ. ಒಂಟಿ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದರು. ಗಣಪತಿಯ ಶ್ಲೋಕ ಮುಗಿಯುವುದರೊಳಗೆ ಹಣೆಯ ಅಂಗಾರದ ನಾಮ ಕರಗಿ ಮೂಗಿಗೆ ಇಳಿದಿತ್ತು. ವಧುವಿನ ಅಪ್ಪನ ಹೆಸರಿಗೆ ಬರುವಷ್ಟರಲ್ಲಿ ಉತ್ತರೀಯ ಒದ್ದೆ. ಹೊಂಗೆ ನೆರಳಿನಿಂದ ಅನಿತ ನೋಡುತ್ತಲೇ ಇದ್ದಳು. ಆಚಾರ್ಯರ ಎಡಗೈ ತಾನಾಗಿಯೇ ಚಾಚಿ ಫ್ಯಾನಿನ ಕತ್ತು ಹಿಡಿಯಿತು, ತಿರುವಿತು. ಗಾಳಿ ಅವರ ಮುಖಕ್ಕೆ ಹೊಡೆಯಿತು.

ಅನಿತ (ಮರದ ಕೆಳಗಿನಿಂದಲೇ): ಸಾರ್! ಅದು ಕಾಯಿಲೆಯಿಂದ ಎದ್ದಿರೋದು!

ಪ್ರಹ್ಲಾದ: ಸಾಯ್ಲಿ ಬಿಡೇ! ಇಲ್ಲಿ ಮನುಷ್ಯರು ಕೂರೋಕಾಗುತ್ತಾ?

ಮುನಿರಾಮಪ್ಪ: ಇಷ್ಟು ದಿನ ಯಾರು ಸ್ವಾಮೀ ಕೂತಿದ್ದಿದ್ದು?

ಫ್ಯಾನು ಕಟಕಟ ಎನ್ನುತ್ತಿತ್ತು. ಅನಿತ ನಿಧಾನವಾಗಿ ಒಳಗೆ ಬಂದು ಕುರ್ಚಿಯ ಪಕ್ಕ ನಿಂತಳು. ಆಚಾರ್ಯರು ಅಭ್ಯಾಸಬಲದಿಂದ ಫ್ಯಾನನ್ನು ಮತ್ತೆ ಡಬ್ಬದ ಕಡೆ ತಿರುಗಿಸಲು ಕೈ ಹಾಕಿದರು.

ಅನಿತ: ಫ್ಯಾನ್ ಹಾಗೇ ಇರ್ಲಿ ಸಾರ್. ನೀವ್ ಏಳಿ.

ಅವರು ಎದ್ದರು. ಅವಳು ಕೂತಳು. ಮುನಿರಾಮಪ್ಪನಿಗೆ ಬಸ್ಸು ಸಿಕ್ಕಿತು.

ನಕ್ಕಿದ್ದು ಸಾಕು. ನಿಮ್ಮ ಅಂಗಡಿಯಲ್ಲಿ, ಆಫೀಸಿನಲ್ಲಿ, ಅಡಿಗೆಮನೆಯಲ್ಲಿ ನಿಮಗಾಗಿ ದುಡಿಯುವವರು ಎಲ್ಲಿ ಕೂರುತ್ತಾರೆ, ಹುಡುಕಿ. ನಾಳೆ ಮಧ್ಯಾಹ್ನ ಆ ಕುರ್ಚಿಯಲ್ಲಿ ನೀವು ಕೂರಿ. ಕುರ್ಚಿಯೇ ಇಲ್ಲವೆಂದಾದರೆ, ಮೊದಲು ಹೋಗಿ ಒಂದು ತನ್ನಿ.