ನಮ್ಮ ಸದ್ದಿನ ಮಾಮ

ಕಿವಿ ಇದ್ದವರ ಮೇಲೆ ದೇವರಿಗೆ ಎಂದೋ ಒಮ್ಮೆ ಸಿಟ್ಟು ಬಂದಿರಬೇಕು. ಆ ದಿನವೇ ನಮ್ಮ ಸೋದರಮಾವನನ್ನು ಹುಟ್ಟಿಸಿದ್ದಾನೆ ಎಂದು ನನ್ನ ಬಲವಾದ ಗುಮಾನಿ. ಬೇರೆಯವರ ಸೋದರಮಾವಂದಿರು ಎಲೆ ಅಡಿಕೆ ಹಾಕುತ್ತಾರೆ, ಇಸ್ಪೀಟಾಡುತ್ತಾರೆ, ಹೆಚ್ಚೆಂದರೆ ರಾಜಕಾರಣ ಮಾತಾಡಿ ಮಲಗುತ್ತಾರೆ. ನಮ್ಮ ಮಾಮ ಸದ್ದು ಕೇಳುತ್ತಾರೆ. ಕೇಳಿ ಸುಮ್ಮನಿದ್ದರೆ ಅವರ ಕಿವಿ, ಅವರ ಖುಷಿ ಅನ್ನಬಹುದಿತ್ತು. ಕೇಳಿದ್ದನ್ನೆಲ್ಲ ನಮಗೆ ವಿವರಿಸುತ್ತಾರೆ!

ಅವರು ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂಬುದು ಇದನ್ನು ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ವಾಡಿಯಲ್ಲಿ ಗಾಡಿ ಬದಲಿಸಿ, ಸಂಜೆಗೆ ಶಹಾಬಾದಿನ ನಮ್ಮ ಮನೆಗೆ ಬಂದರೆಂದರೆ ಸೋಮವಾರ ಬೆಳಗಿನ ಪ್ಯಾಸೆಂಜರಿಗೇ ತಿರುಗಿ ಹೋಗುವುದು. ನಾನೋ ಸಿಮೆಂಟ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತ. ವಾರದ ಆರು ದಿನ ಪಾಳಿಯ ಭೋಂಗಾ ಕೂಗುವುದು, ಗಣಿಯಲ್ಲಿ ಮದ್ದು ಹಾರುವುದು, ಕಲ್ಲು ಕೊಯ್ಯುವ ಯಂತ್ರ ಕಿರುಗುಟ್ಟುವುದು, ಇಷ್ಟನ್ನೂ ಕೇಳಿ ಸಾಕಾಗಿ ಬಂದರೆ ಏಳನೆಯ ದಿನ ಸದ್ದಿನ ಮೇಲೆ ಪಾಠ! ಮನುಷ್ಯ ದಣಿಯದೆ ಏನು ಮಾಡಬೇಕು?

ನಮ್ಮ ಅವ್ವ ನನ್ನ ಮನೆ ಬಿಟ್ಟು ಹೋಗಲು ಗಂಟು ಕಟ್ಟಿದ ವಾರ ಈ ಮಾಮ ಏನು ಮಾಡಿದರು ಎಂಬುದನ್ನು ಹೇಳಬೇಕೆಂದೇ ಕೂತಿದ್ದೇನೆ. ಆದರೆ ಅದಕ್ಕೆ ಮುಂಚೆ ನನ್ನ ಗೋಳು ಸ್ವಲ್ಪ ಕೇಳಿ.

ಒಂದು ಭಾನುವಾರ ಬೆಳಿಗ್ಗೆ ಮಾಮ ಭಂಕೂರಕ್ಕೆ ನಡೆದುಕೊಂಡು ಹೋದರು. ಅಲ್ಲಿ ಯಾರದೋ ಮಾಳಿಗೆ ಹತ್ತಿ, ಕಾರ್ಖಾನೆಯ ಭೋಂಗಾದಿಂದ ಬಿಳಿ ಹಬೆ ಎದ್ದದ್ದು ಕಣ್ಣಿಗೆ ಕಂಡದ್ದೇ ಗಡಿಯಾರ ಹಿಡಿದು ಎಣಿಸಿದರು. ಸದ್ದು ಬಂದು ಮುಟ್ಟುವುದಕ್ಕೆ ಒಂಬತ್ತು ಸೆಕೆಂಡು ಹಿಡಿಯಿತಂತೆ. ಮಧ್ಯಾಹ್ನ ಬೆವರು ಸುರಿಸುತ್ತ ಬಂದವರು ಊಟಕ್ಕೂ ಕೂಡಲಿಲ್ಲ. ಬೆಳಕು ಹಾರಿ ಬರುತ್ತದೆ, ಸದ್ದು ನಡೆದುಕೊಂಡು ಬರುತ್ತದೆ. ಹೀಗಿರುವಾಗ ಭಂಕೂರದ ಕೂಲಿಕಾರರಿಗೆ ಭೋಂಗಾ ದಿನಾಲು ಒಂಬತ್ತು ಸೆಕೆಂಡು ತಡವಾಗಿ ಕೇಳಿಸುತ್ತದೆ, ಅವರನ್ನು ತಡ ಅಂತ ಬರೆದುಕೊಳ್ಳುವುದು ಅನ್ಯಾಯ ಎಂದು ವಾದ ಹೂಡಿದರು. ನನ್ನ ಹೆಸರಿನಲ್ಲೇ ಅರ್ಜಿ ಬರೆದರು. ಊಟ ತಣ್ಣಗಾಗುತ್ತದಲ್ಲ ಎಂದು ನಾನು ಸಹಿ ಹಾಕಿದೆ. ನಮ್ಮ ಸಾಹೇಬರು ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಭಂಕೂರದವರಿಗೆ ಒಂಬತ್ತು ಸೆಕೆಂಡು ಮಾಫಿ ಕೊಡೋಣ, ಆದರೆ ಮನೆ ಪಕ್ಕದಲ್ಲೇ ಇರುವ ನೀವು ದಿನಾಲು ಇಪ್ಪತ್ತು ನಿಮಿಷ ತಡ ಬರುತ್ತೀರಲ್ಲ, ನಿಮ್ಮ ಸದ್ದು ಯಾವ ಊರಿನಿಂದ ಬರುತ್ತದೆ ಎಂದು ಕೇಳಿದರು.

ಇನ್ನೊಮ್ಮೆ ನೆಲಕ್ಕೆ ಫರಸಿ ಕಲ್ಲು ಹಾಕಿಸಬೇಕಿತ್ತು. ಚಾಂದಸಾಬರ ಕಲ್ಲಿನ ಅಂಗಳಕ್ಕೆ ಮಾಮನೂ ಬಂದರು. ಶಹಾಬಾದಿನಲ್ಲಿ ಕಲ್ಲನ್ನು ಬಡಿದು ನೋಡಿ ಕೊಳ್ಳುವುದು ರೂಢಿ. ಒಳಗೆ ಬಿರುಕಿದ್ದರೆ ದನಿ ಸತ್ತಿರುತ್ತದೆ. ಎಲ್ಲರೂ ನಾಲ್ಕು ಕಲ್ಲು ಬಡಿದು ಮುಗಿಸುತ್ತಾರೆ. ಮಾಮ ಅಲ್ಲಿದ್ದ ಅಷ್ಟೂ ಕಲ್ಲು ಬಡಿದರು! ಬಡಿದು, ಕಿವಿ ಹಚ್ಚಿ, ಕಂಪನವು ಬಿರುಕಿನಲ್ಲಿ ಹೇಗೆ ಸಿಕ್ಕಿಕೊಂಡು ಸಾಯುತ್ತದೆ ಎಂದು ಒಂದು ತಾಸು ವಿವರಿಸಿದರು. ಚಾಂದಸಾಬರು ದೊಡ್ಡ ಮನುಷ್ಯ, ಬೀಡಿ ಆರುವವರೆಗೂ ಕೇಳಿದರು.

"ಮಾಸ್ತರ್ರೇ, ನಮ್ಮ ಅಬ್ಬಾ ಇಷ್ಟೆಲ್ಲ ಹೇಳಿಲ್ರಿ. ಖಣ್ ಅಂದ್ರ ಇಟ್ಕೋ, ಬದ್ ಅಂದ್ರ ಬಿಟ್ಬಿಡು ಅಂದಿದ್ರು. ಅಷ್ಟರಾಗೇ ಮೂರು ಹೆಣ್ಮಕ್ಕಳ ಶಾದಿ ಮಾಡೀನಿ."

ಮಾಮ ಅದನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಕಲ್ಲು ಮನೆಗೆ ಬಂದು ಬೀಳುವಷ್ಟರಲ್ಲಿ ಕತ್ತಲಾಗಿತ್ತು.

ಈಗ ಅವ್ವನ ವಿಷಯಕ್ಕೆ ಬರುತ್ತೇನೆ. ಅವ್ವನಿಗೆ ವಯಸ್ಸಾಗುತ್ತ ಕಿವಿ ಮಂದವಾಗತೊಡಗಿತ್ತು. ಮಂದವಾದರೆ ಎಲ್ಲರಿಗೂ ಒಂದೇ ಸಮನಾಗಿ ಮಂದವಾಗಬೇಕಲ್ಲವೆ? ಇಲ್ಲ! ನಾನು ಹೇಳಿದ್ದು ಅವಳಿಗೆ ಕೇಳಿಸುತ್ತಿತ್ತು. ಮಾಮ ಹೇಳಿದ್ದು ಕೇಳಿಸುತ್ತಿತ್ತು. ಸ್ಟೇಷನ್ನಿನ ಗೂಡ್ಸ್ ಗಾಡಿ ಕೇಳಿಸುತ್ತಿತ್ತು. ನನ್ನ ಹೆಂಡತಿ ಹೇಳಿದ್ದು ಮಾತ್ರ ಕೇಳಿಸುತ್ತಿರಲಿಲ್ಲ. ಇದನ್ನು ಯಾವ ಸೊಸೆ ನಂಬುತ್ತಾಳೆ, ನೀವೇ ಹೇಳಿ. ಮಗನ ಮಾತು ಕಿವಿಗೆ ಬೀಳುತ್ತದೆ, ಸೊಸೆಯದು ಬೀಳುವುದಿಲ್ಲ, ಇದು ಕಿವಿಯ ರೋಗವಲ್ಲ ಮನಸ್ಸಿನ ರೋಗ ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಳು. ಅವ್ವನ ತೀರ್ಪು ಬೇರೆ. ಸೊಸೆ ಬೇಕೆಂದೇ ಬರೀ ತುಟಿ ಆಡಿಸುತ್ತಾಳೆ, ನನ್ನನ್ನು ಬೈಯುತ್ತಾಳೆ, ಕೇಳಿಸಬಾರದಂತ ಸದ್ದು ಮಾಡುವುದಿಲ್ಲ ಎಂದು. ಡಾಕ್ಟರರು ಬ್ಯಾಟರಿ ಬಿಟ್ಟು ಕಿವಿ ನೋಡಿ ವಯಸ್ಸು ಅಂದುಬಿಟ್ಟರು. ವಯಸ್ಸು ಮಗ ಸೊಸೆ ಅಂತ ಭೇದ ಮಾಡುತ್ತದೆಯೆ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ ಅವರ ಹತ್ತಿರ ಔಷಧವಿರಲಿಲ್ಲ.

ನಡುವೆ ನಾನು. ಅಡಿಗೆಮನೆಯಿಂದ ಹೆಂಡತಿ ಚೀರುತ್ತಾಳೆ, ಕೇಳಿಸುವುದಿಲ್ಲ. ಇನ್ನೂ ಚೀರುತ್ತಾಳೆ, ಓಣಿಗೆಲ್ಲ ಕೇಳಿಸುತ್ತದೆ, ಅವ್ವನಿಗೆ ಇಲ್ಲ. ಕೊನೆಗೆ ನನಗೆ ಹೇಳುತ್ತಾಳೆ, ನಾನು ಅವ್ವನಿಗೆ ಹೇಳುತ್ತೇನೆ, ಅವ್ವ ಸಿಟ್ಟಿನಿಂದ ಕೊಟ್ಟ ಉತ್ತರವನ್ನು ಸ್ವಲ್ಪ ತೊಳೆದು ಹೆಂಡತಿಗೆ ದಾಟಿಸುತ್ತೇನೆ. ಚಹಾಕ್ಕೊಮ್ಮೆ, ಊಟಕ್ಕೊಮ್ಮೆ, ಹಾಸಿಗೆಗೊಮ್ಮೆ. ಒಂದು ವರ್ಷ ಹೀಗೇ ಆಯಿತು. ಬರಬರುತ್ತ ಅರ್ಧ ಮಾತು ದಾಟಿಸುವುದನ್ನೇ ಬಿಟ್ಟೆ. ಒಂದು ದಿನ ಅವ್ವ, ನನ್ನನ್ನ ಚಿಂಚೋಳಿಗಿ ನಿಮ್ಮ ಅಣ್ಣನ ಹತ್ತಿರ ಬಿಟ್ಟು ಬಾ ಎಂದು ಎರಡು ಸೀರೆ, ಜಪಮಾಲೆ, ತಂಬಿಗೆ ಸೇರಿಸಿ ಗಂಟು ಕಟ್ಟಿದಳು. ಸೋಮವಾರದ ಬಸ್ಸು ಎಂದು ಗೊತ್ತಾಯಿತು. ಸುಳ್ಳೇಕೆ ಹೇಳಲಿ, ಒಂದು ಕ್ಷಣ ನನಗೆ ಹಗುರವೆನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆ ಶನಿವಾರ ಮಾಮ ಬಂದರು. ಗಂಟು ನೋಡಿದರು. ಸುದ್ದಿ ಕೇಳಿದರು. ದುಃಖಪಡುವುದು ಬಿಟ್ಟು ಗೋಡೆ ನೋಡುತ್ತ ನಿಂತರು! ನೆಲ ಕಲ್ಲು, ಗೋಡೆ ಕಲ್ಲು, ಮೇಲೆ ಹೊದಿಸಿದ್ದೂ ಕಲ್ಲು. ಸದ್ದಿಗೆ ಕೂಡಲು ಜಾಗವಿಲ್ಲ, ಗೋಡೆಯಿಂದ ಗೋಡೆಗೆ ಪುಟಿಯುತ್ತ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ, ಅದಕ್ಕೇ ಅಕ್ಕನಿಗೆ ಮಾತು ಬಿಡಿಸಿ ಕೇಳಿಸುತ್ತಿಲ್ಲ ಎಂದು ನಿರ್ಣಯಿಸಿ, ಮನೆಯಲ್ಲಿದ್ದ ಹನ್ನೊಂದು ಕೌದಿಯನ್ನೂ ಗೋಡೆಗೆ ಮೊಳೆ ಹೊಡೆದು ತೂಗುಬಿಟ್ಟರು. ಮೆತ್ತಗಿದ್ದದ್ದು ಸದ್ದು ನುಂಗುತ್ತದಂತೆ. ನುಂಗಿದ್ದು ಖರೆ. ಹೆಂಡತಿ ಚೀರಿದ್ದು ಓಣಿಗೂ ಕೇಳಿಸದಂತಾಯಿತು, ಅವ್ವನಿಗೂ ಕೇಳಿಸಲಿಲ್ಲ. ಪಕ್ಕದ ಮನೆಯಾಕೆ ಇಣುಕಿ ನೋಡಿ, ಹಾಸಿಗೆಯಲ್ಲಿ ತಗಣಿ ಭಾಳ ಆಗಿವೆಯೇ ಎಂದು ವಿಚಾರಿಸಿ ಹೋದಳು.

ಭಾನುವಾರ ಊಟವಾದ ಮೇಲೆ ಮಾಮ ಶಾಲೆಯಿಂದ ತಂದಿದ್ದ ಪೆಟ್ಟಿಗೆ ಬಿಚ್ಚಿದರು. ಅದರೊಳಗೆ ಬಡಿದರೆ ಗುಂಯ್ ಎನ್ನುವ ಉಕ್ಕಿನ ಕವೆಗಳು, ಒಂದೊಂದಕ್ಕೆ ಒಂದೊಂದು ಸ್ವರ. ಅವು ಸಾಲದೆಂದು ನೀರಿನ ಹಂಡೆ, ಕೊಡ, ತಂಬಿಗೆ, ಲೋಟ, ಚಮಚ, ನನ್ನ ಸೈಕಲ್ಲಿನ ಬೆಲ್ಲು, ಎಲ್ಲವನ್ನೂ ಸಾಲಾಗಿ ಜೋಡಿಸಿದರು. ಪಾತ್ರೆ ಅಂಗಡಿ ಹಾಕಿದಂತಾಯಿತು. ಅವ್ವನನ್ನು ಗೋಡೆಗೆ ಮುಖ ಮಾಡಿ ಕೂಡಿಸಿ, ಕೇಳಿಸಿದಾಗ ಕೈ ಎತ್ತು ಎಂದರು. ನಾಳೆ ಊರಿಗೆ ಹೋಗುವವಳು ತಮ್ಮನ ಸಲುವಾಗಿ ಕೂತಳು.

ಹಂಡೆ ಬಡಿದರು, ಅವ್ವ ಕೈ ಎತ್ತಿದಳು. ಕೊಡಕ್ಕೂ ಎತ್ತಿದಳು. ತಂಬಿಗೆಗೆ ಅನುಮಾನಿಸಿ ಎತ್ತಿದಳು. ಲೋಟಕ್ಕೆ ಎತ್ತಲಿಲ್ಲ. ಚಮಚಕ್ಕೆ ಎತ್ತಲಿಲ್ಲ. ಮಾಮ ಚಮಚವನ್ನು ಎರಡರಷ್ಟು ಜೋರಾಗಿ ಬಡಿದರು, ನನ್ನ ಹಲ್ಲು ಜುಮ್ಮೆಂದವು, ಅವ್ವನ ಕೈ ತೊಡೆಯ ಮೇಲೇ ಇತ್ತು. ಅಷ್ಟರಲ್ಲಿ ನಮ್ಮ ನಾಲ್ಕು ವರ್ಷದ ಮಗಳು ಸುಮಿ ಕಾಲಗೆಜ್ಜೆ ಝಣಝಣ ಅನ್ನಿಸುತ್ತ ಅಜ್ಜಿಯ ಬೆನ್ನ ಹಿಂದಿನಿಂದ ಓಡಿದಳು. ಒಮ್ಮೆ ಓಡಿದಳು, ತಿರುಗಿ ಓಡಿದಳು. ಅವ್ವ ಗೋಡೆ ನೋಡುತ್ತಲೇ ಕೂತಿದ್ದಳು.

ಮಾಮ ಕೈಯಲ್ಲಿದ್ದ ಚಮಚ ಕೆಳಗಿಟ್ಟರು. ಟಿಪ್ಪಣಿ ಪುಸ್ತಕ ತೆಗೆದು ಕೇಳಿಸಿದ್ದನ್ನು ಒಂದು ಕಡೆ, ಕೇಳಿಸದ್ದನ್ನು ಇನ್ನೊಂದು ಕಡೆ ಬರೆದರು. ಆಮೇಲೆ ನನ್ನ ಹೆಂಡತಿಯನ್ನು ಕರೆದರು.

"ನೀ ಒದರಿದಷ್ಟೂ ದನಿ ಜೋರಾಗೋದಷ್ಟೇ ಅಲ್ಲವ್ವ, ಸಣ್ಣಗಾಗಿ ಮ್ಯಾಲೇರ್ತದ. ಅಕ್ಕನ ಕಿವ್ಯಾಗ ಮ್ಯಾಲಿನ ಮೆಟ್ಲು ಬಿದ್ದುಹೋಗ್ಯಾವ, ಕೆಳಗಿನವು ಗಟ್ಟಿ ಅವ. ಗಂಡಸರ ದನಿ ಕೆಳಗಿನ ಮೆಟ್ಲಿನದು, ಅದಕ್ಕ ಕೇಳಸ್ತದ. ಅಕಿ ನಾಟಕ ಮಾಡ್ಲಿಕತ್ತಿಲ್ಲ. ನೀನೂ ತಪ್ಪು ಮಾಡಿಲ್ಲ. ಒದರಬ್ಯಾಡ, ದನಿ ಇಳಸು."

ಇಳಿಸುವುದೆಂದರೆ ಸುಲಭವೆ? ನನ್ನ ಹೆಂಡತಿ ಸೇಡಮಿನವಳು, ಹುಟ್ಟಾ ತಾರಕ ಸ್ವರದವಳು. ಹೊಟ್ಟೆಯೊಳಗಿಂದ ಮಾತಾಡು, ಗದ್ದ ತಗ್ಗಿಸು, ಸಾವಕಾಶ ಎಂದು ಮಾಮ ಅಭ್ಯಾಸ ಮಾಡಿಸಿದರು. ಅವಳ ಬಾಯಿಂದ ಜಮಾದಾರನ ದನಿ ಹೊರಟಿತು! ಸಂಜೆಯ ಹಾಲು ತಂದವನು ಒಳಗೆ ಯಾರೋ ಹೊಸ ಗಂಡಸು ಬಂದು ಕೂತಿದ್ದಾನೆಂದು ಹೆದರಿ ಹೊಸ್ತಿಲಲ್ಲೇ ಹಾಲಿಟ್ಟು ಹೋದ. ಮರುದಿನದ ಹಾಲಿನಲ್ಲಿ ನೀರು ಕಡಿಮೆ ಇತ್ತು.

ಅಭ್ಯಾಸವಾದ ಮೇಲೆ ಅವಳು ಹೋಗಿ ಅವ್ವನ ಮುಂದೆ ಕೂತಳು. ನಗು ಬರುವಂಥ ದನಿಯಲ್ಲೇ ಅಂದಳು, "ಅತ್ತಿ, ಚಿಂಚೋಳಿಗಿ ಹೋಗಬ್ಯಾಡ್ರಿ. ನೀವಿಲ್ದ ಈ ಮನಿ ನನಗ ಬಗಿಹರಿಯಂಗಿಲ್ಲ."

ಅವ್ವ ಅವಳ ಕೈ ಹಿಡಿದುಕೊಂಡಳು. "ಇದನ್ನ ಮೊದ್ಲೇ ಹೇಳಬಾರದಿತ್ತೇನವ್ವ?"

ನನಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಯಾಕೆಂದರೆ ಅವಳು ಹೇಳಿದ್ದಳು. ಆ ಬೆಳಿಗ್ಗೆಯೇ ಎರಡು ಸಲ ಹೇಳಿದ್ದಳು, ನಾನೇ ಕೇಳಿದ್ದೆ. ಅವ್ವನಿಗೆ ದಾಟಿಸಲು ಬೇಸರವಾಗಿ ಪೇಪರು ಓದುತ್ತ ಕೂತಿದ್ದೆ. ಹೆಂಡತಿ ನನ್ನ ಈ ತಪ್ಪನ್ನು ಅವ್ವನಿಗೆ ಹೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಗಂಟು ಬಿಚ್ಚಿ ಸೀರೆಗಳನ್ನು ಟ್ರಂಕಿನಲ್ಲಿಟ್ಟಳು.

ದೀಪ ಹಚ್ಚುವ ಹೊತ್ತಿಗೆ ಅವ್ವ ತಮ್ಮನನ್ನು ಹತ್ತಿರ ಕರೆದಳು. ಸುಮಿ ದಿನಾಲು ಬಂದು ಏನೇನೋ ಹೇಳುತ್ತಾಳೆ, ನಾನು ಸುಮ್ಮನೆ ಹೂಂ ಹೂಂ ಅನ್ನುತ್ತೇನೆ, ಏನು ಹೇಳುತ್ತಾಳೋ ಎಂದು ಕೇಳಿದಳು. ಮಗುವಿಗೆ ದನಿ ಇಳಿಸು ಅಂದರೆ ಇಳಿಸಲು ಬರುತ್ತದೆಯೆ? ಮಾಮ ತಾವೇ ನಡುವೆ ಕೂತರು. ಸುಮಿ ಒಂದೊಂದು ಮಾತು ಹೇಳುವುದು, ಬೋಳುತಲೆಯ, ಪೊದೆ ಮೀಸೆಯ ಮಾಮ ಅದನ್ನೇ ಒಂದಕ್ಷರ ಬಿಡದೆ ತಮ್ಮ ದಪ್ಪ ದನಿಯಲ್ಲಿ ಅವ್ವನಿಗೆ ಹೇಳುವುದು. ಅಜ್ಜಿ, ಬೆಕ್ಕು ಮೂರು ಮರಿ ಹಾಕ್ಯಾದ, ಒಂದು ನನ್ದು. ಅಜ್ಜಿ, ನನಗ ಬೆಲ್ಲ ಕೊಡು, ಅವ್ವಗ ಹೇಳಬ್ಯಾಡ. ನಾನೂ ಹೆಂಡತಿಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವ್ವ ನಗಲಿಲ್ಲ, ಒಂದು ವರ್ಷದ ಬಾಕಿ ಮಾತು ಕೇಳುವವಳಂತೆ ಮುಂದೆ ಬಾಗಿ ಕೂತಿದ್ದಳು.

ಸುಮಿ ಮಾಮನ ಅಂಗಿ ಜಗ್ಗಿ, ಇನ್ನೊಂದು ಮಾತು ಹೇಳಿದಳು. ಅದು ನನಗೂ ಕೇಳಿಸಿತು. ಮಾಮ ಬಾಯಿ ತೆರೆದರು. "ಅಜ್ಜಿ, ನಾ ಕರದ್ರ..." ಅಷ್ಟಕ್ಕೇ ಅವರ ದನಿ ಒಡೆದು, ಸಣ್ಣದಾಗಿ, ಮೇಲಕ್ಕೆ ಹೋಗಿಬಿಟ್ಟಿತು.

"ಕೇಳಸಲಿಲ್ಲೋ," ಅಂದಳು ಅವ್ವ. "ಇಳಸಿ ಹೇಳು."

ಮಾಮ ಮತ್ತೊಮ್ಮೆ ಯತ್ನಿಸಿದರು. ಇಷ್ಟು ವರ್ಷ ಎಲ್ಲರಿಗೂ ಸದ್ದಿನ ಪಾಠ ಹೇಳಿದ ಮನುಷ್ಯನಿಗೆ ತನ್ನ ದನಿ ಇಳಿಸಲು ಬರಲಿಲ್ಲ.

ನಾನು ಎದ್ದು ಹೋಗಿ ಅವ್ವನ ಪಕ್ಕದಲ್ಲಿ ಕೂತು, ಸಾವಕಾಶ ಹೇಳಿದೆ. "ಅಜ್ಜಿ, ನಾ ಕರದ್ರ ನೀ ಯಾಕ ಬರಂಗಿಲ್ಲ? ನನ್ ಮ್ಯಾಲ ಸಿಟ್ಟಾಗೀಯೇನು?"

ಅವ್ವ ಸುಮಿಯನ್ನು ಎಳೆದು ಎದೆಗೆ ಒತ್ತಿಕೊಂಡಳು. ಈಗ ಕರಿ, ಅಂದಳು. ಸುಮಿ ಅಜ್ಜಿಯ ಎದೆಗೇ ಬಾಯಿಟ್ಟು ಇದ್ದ ಶಕ್ತಿಯನ್ನೆಲ್ಲ ಹಾಕಿ ಕರೆದಳು.

"ಬಂದ್ನೆವ್ವ," ಅಂದಳು ಅವ್ವ. "ಬಂದೆ."