ಅಜ್ಜನ ವಾಚು, ಹೇಗಿತ್ತೋ ಹಾಗೇ

ಇಪ್ಪತ್ತೊಂಬತ್ತನೇ ತಾರೀಖಿನ ಭಾನುವಾರ ಬೆಳಗ್ಗೆ ಏಳಕ್ಕೆ ಫೋನು ಬಡಿದುಕೊಂಡಾಗ ವಿಲ್ಮಾರ್ ಸಮುದ್ರದ ತಳದಲ್ಲಿದ್ದ. ಕನಸಿನಲ್ಲಿ ಅವನು ಆಗಾಗ ಅಲ್ಲಿಗೆ ಇಳಿಯುತ್ತಿದ್ದ. ಎಚ್ಚರದಲ್ಲಿ ಅವನಿಗೆ ಈಜು ಬಾರದು. ಮೊಂತೆವಿದೇವೊದ ಅಂಚೆ ಕಚೇರಿಯಲ್ಲಿ ಪಾರ್ಸೆಲ್‌ಗಳಿಗೆ ಮುದ್ರೆ ಒತ್ತುವುದು ಅವನ ಕೆಲಸ. ಆದರೂ ಅವನ ಕೈಯಲ್ಲಿದ್ದದ್ದು ಮುನ್ನೂರು ಮೀಟರ್ ಆಳಕ್ಕೆ ಇಳಿಯುವವರು ಕಟ್ಟುವಂಥ ವಾಚು. ಒಂದು ಹೆಸರುವಾಸಿ ವಾಚಿನ ನಕಲು, ತಾನೇ ಬಿಡಿಭಾಗ ಕೂಡಿಸಿ ಮಾಡಿದ್ದು. ಅದರ ನೀಲಿ ಡಯಲನ್ನು ದಿಟ್ಟಿಸುತ್ತ ಕೂತರೆ ಕಚೇರಿಯ ಗೋಡೆಗಳು ಕರಗಿ, ಸಾಲಿನಲ್ಲಿ ನಿಂತ ಜನ ಮೀನುಗಳಾಗಿ ತೇಲುತ್ತಿದ್ದರು.

"ವಿಲ್ಮಾರ್, ನಾನು ದೆಲ್ಮೀರಾ ಅತ್ತೆ ಕಣೋ. ಬಸ್ಸಲ್ಲಿದೀನಿ, ಒಂದು ಗಂಟೆಗೆ ನಿಮ್ಮನೇಲಿರ್ತೀನಿ. ಇವತ್ತು ಇಪ್ಪತ್ತೊಂಬತ್ತು ಅಲ್ವಾ, ನ್ಯೋಕಿ ಮಾಡಿಡು. ಎಲ್ಲರ ಹಾಗೆ ತಟ್ಟೆ ಕೆಳಗೆ ನೋಟು ಇಡ್ಬೇಡ. ನನ್ನ ತಟ್ಟೆ ಕೆಳಗೆ ಅಜ್ಜನ ವಾಚು ಇಡು. ಅದನ್ನ ನೋಡೋಕೇ ಬರ್ತಿರೋದು."

ತಿಂಗಳ ಇಪ್ಪತ್ತೊಂಬತ್ತಕ್ಕೆ ತಟ್ಟೆಯ ಕೆಳಗೆ ನೋಟು ಇಟ್ಟು ನ್ಯೋಕಿ, ಅಂದರೆ ಆಲೂಗಡ್ಡೆಯ ಪುಟ್ಟ ಕಡುಬು, ತಿಂದರೆ ಕೈಯಲ್ಲಿ ಕಾಸು ಓಡಾಡುತ್ತದೆ ಎಂಬುದು ಆ ಊರಿನ ನಂಬಿಕೆ. ವಿಲ್ಮಾರ್ ಹಾಸಿಗೆಯ ಮೇಲೆ ಎದ್ದು ಕೂತ. ಅಜ್ಜನ ವಾಚು ಅವನ ಕೈಯಲ್ಲೇ ಇತ್ತು, ಆದರೆ ಅದರಲ್ಲಿ ಅಜ್ಜನದು ಅಂತ ಏನೂ ಉಳಿದಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅತ್ತೆ ಅದನ್ನು ಅವನ ಅಂಗೈಯಲ್ಲಿಟ್ಟು "ಜೋಪಾನ" ಎಂದಿದ್ದಳು. ಒಂದು ವರ್ಷ ಜೋಪಾನವಾಗಿಯೇ ಇಟ್ಟಿದ್ದ. ಆಮೇಲೆ ಬೆಲ್ಟು ಬದಲಾಯಿಸಿದ. ಬೆಲ್ಟಿಗೆ ಹೊಂದಲೆಂದು ಡಯಲು, ಡಯಲಿಗೆ ಹೊಂದಲೆಂದು ಮುಳ್ಳು, ಕೊನೆಗೆ ಹೊರಗಿನ ಕೇಸು, ಒಳಗಿನ ಮೆಷಿನ್ ಎಲ್ಲ ಬದಲಾದವು. ತಾಯಿಯಿಲ್ಲದ ಅವನನ್ನು ಸಾಕಿದವಳು ಅತ್ತೆ. ಅವಳ ಕಣ್ಣಿನಲ್ಲಿ ಕೆಟ್ಟವನಾಗಲು ಅವನು ಸಿದ್ಧನಿರಲಿಲ್ಲ.

ಕೈಯಲ್ಲಿ ಆರು ಗಂಟೆಗಳ ಕಾಲವಿತ್ತು. ಅಜ್ಜನ ಬೆಲ್ಟು ಮನೆಯಲ್ಲೇ ಇತ್ತು, ಕಳಚಿದ ಉಳಿದ ಭಾಗಗಳು ಯಾರ್ಯಾರ ಹತ್ತಿರ ಇವೆ ಎಂಬುದೂ ಗೊತ್ತಿತ್ತು. ಅವನು ಸಣ್ಣ ಸಲಕರಣೆಗಳ ಚೀಲ ಹಿಡಿದು ಮೆಟ್ಟಿಲಿಳಿದ.

ಕೆಳಗಿನ ಕ್ಷೌರದಂಗಡಿಯಲ್ಲಿ ಎದಿಸೊನ್ ಒಬ್ಬ ಗಿರಾಕಿಯ ಮುಖಕ್ಕೆ ನೊರೆ ಬಳಿಯುತ್ತಿದ್ದ. ಅಜ್ಜನ ಹಳದಿಗಟ್ಟಿದ ಡಯಲೂ ಮುಳ್ಳುಗಳೂ ಅವನ ವಾಚಿನಲ್ಲಿದ್ದವು. ವಿಲ್ಮಾರ್ ಅತ್ತೆ ಬರುವ ಸಂಗತಿ ಹೇಳಿ ಅವನ್ನು ವಾಪಸ್ ಕೇಳಿದ.

"ನಿಂದೇ ತಾನೆ, ತಗೋ" ಎಂದ ಎದಿಸೊನ್. "ಆದ್ರೆ ನನ್ನ ವಾಚು ಬೋಳು ಮುಖ ಇಟ್ಕೊಂಡು ತಿರುಗ್ಬೇಕಾ? ಆ ನೀಲಿದು ಇದಕ್ಕೆ ಹಾಕ್ಕೊಡು."

"ಅದು ಬೇಡ ಕಣೋ. ನಾಲ್ಕು ತಿಂಗಳು ಕಾದು ತರಿಸಿದ್ದು."

"ಕೊಟ್ಬಿಡಪ್ಪ" ಎಂದ ನೊರೆಯೊಳಗಿನಿಂದ ಗಿರಾಕಿ. "ನಿಮ್ಮತ್ತೆ ದೊಡ್ಡವರಾ, ಡಯಲು ದೊಡ್ಡದಾ?"

ವಿಲ್ಮಾರ್ ಅಲ್ಲೇ ಕನ್ನಡಿಯ ಮುಂದೆ ಕೂತು, ತನ್ನ ಸಮುದ್ರವನ್ನು ಚಿಮಟದಿಂದ ಎತ್ತಿ ಎದಿಸೊನ್‌ನ ವಾಚಿನಲ್ಲಿಟ್ಟ. ಆಮೇಲೆ ಅವನ ಕೈ ಹಿಡಿದುಕೊಂಡ. "ಅತ್ತೆ ಎದುರು ಬಾಯಿ ಬಿಡಬಾರದು. ನಾನು ಅದನ್ನ ಮುಟ್ಟೇ ಇಲ್ಲ. ನಾನೇ ಬಂದು ಹೇಳು ಅಂದ್ರೂ ಹೇಳ್ಬಾರ್ದು. ಆಣೆ ಮಾಡು."

ಎದಿಸೊನ್ ತನ್ನ ಫುಟ್‌ಬಾಲ್ ತಂಡದ ಮೇಲೆ ಆಣೆ ಮಾಡಿದ. ಅವನು ಹೆಂಡತಿಯ ಮೇಲಿನ ಆಣೆಯನ್ನು ಬೇಕಾದರೆ ಮುರಿದಾನು, ಇದನ್ನು ಮುರಿಯುವವನಲ್ಲ.

ಅಜ್ಜನ ಕೇಸು ಎದುರುಮನೆಯ ನೆಲಿದಾಳ ಕೊರಳಲ್ಲಿತ್ತು. ಸತ್ತ ಬೆಕ್ಕು ಬಿಸ್ಕೋಚೊನ ಫೋಟೋವನ್ನು ಅದರ ಗಾಜಿನೊಳಗಿಟ್ಟು ಪದಕ ಮಾಡಿಕೊಂಡಿದ್ದಳು.

"ಬಿಸ್ಕೋಚೊನ ಬೀದಿಗೆ ಹಾಕ್ತೀಯೇನಪ್ಪ?" ಎಂದು ಆಕೆ ಕಣ್ಣೊರೆಸಿಕೊಂಡಳು.

"ಇನ್ನೂ ಒಳ್ಳೇ ಮನೆ ಕೊಡ್ತೀನಿ. ನೋಡಿ, ನನ್ನ ಕೇಸು. ಮುನ್ನೂರು ಮೀಟರ್ ನೀರೊಳಗೂ ಏನೂ ಆಗಲ್ಲ."

"ಹಾಗಾದ್ರೆ ಅತ್ರೂ ಒದ್ದೆಯಾಗಲ್ಲ ಅನ್ನು" ಎಂದು ಆಕೆ ಒಪ್ಪಿದಳು. ಬಾಯಿ ಬಿಡುವುದಿಲ್ಲವೆಂದು ಬೆಕ್ಕಿನ ಮೇಲೆ ಆಣೆಯನ್ನೂ ಮಾಡಿದಳು. "ನಿಂಗೆ ನ್ಯೋಕಿ ಮಾಡೋಕೆ ಎಲ್ಲಿ ಬರುತ್ತೆ? ನಾನೇ ಮಾಡಿ ತರ್ತೀನಿ. ನಂಗೂ ಒಂದು ತಟ್ಟೆ ಇಟ್ಟಿರು."

ಮೆಷಿನ್ ಮಾತ್ರ ಉಳಿದಿತ್ತು. ಭಾನುವಾರದ ಸಂತೆಬೀದಿಯಲ್ಲಿ, ಗಿಳಿಪಂಜರಗಳಿಗೂ ಹಳೇ ಪುಸ್ತಕಗಳಿಗೂ ನಡುವೆ ವಾಚು ರಿಪೇರಿಯ ಮುದುಕ ಅನಕ್ಲೇತೊ ಮೇಜು ಹಾಕಿದ್ದ. ಬಿಸಿಲು ಜೇನಿನಂತೆ ನಿಧಾನವಾಗಿ ಇಳಿಯುತ್ತಿತ್ತು. ಮೇಜಿನ ತುಂಬ ನಿಂತುಹೋದ ವಾಚುಗಳಿದ್ದವು, ಒಂದೊಂದರಲ್ಲಿ ಒಂದೊಂದು ಗಂಟೆ. ವಿಲ್ಮಾರ್‌ಗೆ ಆ ಎಲ್ಲ ಗಂಟೆಗಳೊಳಗೂ ಒಮ್ಮೆ ಹೋಗಿ ಕೂತು ಬರಬೇಕೆನಿಸಿತು. ಹಾಗೆ ನಿಂತೇ ಅರ್ಧ ಗಂಟೆ ಕಳೆದ.

"ಮೆಷಿನ್ ಇದೆ" ಎಂದ ಅನಕ್ಲೇತೊ, ಡ್ರಾಯರಿನಲ್ಲಿ ಕೈಯಾಡಿಸುತ್ತ. "ಆದ್ರೆ ನಿಂದು ನಂಗೆ." ವಿಲ್ಮಾರ್ ಅದನ್ನೂ ಕೊಟ್ಟ. ಮುದುಕ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಹಳೇ ಮೆಷಿನ್ನಿಗೆ ಹಳೇ ಡಯಲು, ಹಳೇ ಮುಳ್ಳು ಕೂಡಿಸಿ ಹಳೇ ಕೇಸಿನಲ್ಲಿ ಕೂರಿಸಿದ. ಕೀಲಿ ಕೊಟ್ಟಾಗ ಅದು ಟಿಕ್ ಎಂದಿತು. ವಿಲ್ಮಾರ್‌ಗೆ ಅಜ್ಜ ಪಕ್ಕದ ಕೋಣೆಯಲ್ಲಿ ಕೆಮ್ಮಿದಂತೆ ಕೇಳಿಸಿತು.

ಹಿಂದಿನ ಮುಚ್ಚಳ ಹಾಕುವ ಮುನ್ನ ಮುದುಕ ಅದರ ಒಳಮೈಗೆ ಸೂಜಿ ತಂದ. ವಾಚು ಬಿಚ್ಚಿದವರು ಅಲ್ಲೊಂದು ಗೀರು ಎಳೆದು ಮುಚ್ಚುವುದು ಕಸುಬಿನ ಪದ್ಧತಿ. ವಿಲ್ಮಾರ್ ಗಬಕ್ಕನೆ ಅವನ ಕೈ ಹಿಡಿದ.

"ಬೇಡ. ಗೀರು ಕಂಡ್ರೆ ಬಿಚ್ಚಿದ್ದು ಅತ್ತೆಗೆ ಗೊತ್ತಾಗುತ್ತೆ."

"ಐವತ್ತು ವರ್ಷದಲ್ಲಿ ಒಂದನ್ನೂ ಹೀಗೆ ಮುಚ್ಚಿಲ್ಲ" ಎಂದು ಅನಕ್ಲೇತೊ ಗೊಣಗಿದ. ಆದರೂ ಮುಚ್ಚಿದ.

ಒಂದು ಗಂಟೆಗೆ ಅತ್ತೆ ಬಂದಳು, ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಮರದ ಪೆಟ್ಟಿಗೆ. ನೆಲಿದಾ ನ್ಯೋಕಿ ತಂದಳು. ಕರೆಯದಿದ್ದರೂ ಎದಿಸೊನ್ ಬಂದು ಕುರ್ಚಿ ಎಳೆದುಕೊಂಡ. ಅತ್ತೆ ತಟ್ಟೆ ಎತ್ತಿ ವಾಚನ್ನು ಕೈಗೆ ತೆಗೆದುಕೊಂಡಳು. ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿದಳು. ವಿಲ್ಮಾರ್‌ಗೆ ಇಡೀ ದಿನ ಸಾರ್ಥಕವಾಯಿತು ಅನ್ನಿಸಿತು. ಅಷ್ಟರಲ್ಲಿ ಅವಳು ಚಾಕುವಿನ ತುದಿಯಿಂದ ಹಿಂದಿನ ಮುಚ್ಚಳವನ್ನು ಮೀಟಿ ತೆಗೆದಳು.

"ಹದಿಮೂರು ಗೀರು" ಎಂದು ಎಣಿಸಿದಳು. "ಹದಿಮೂರೂ ಅಪ್ಪಂದೇ. ಆಮೇಲೆ ಒಂದೂ ಇಲ್ಲ. ಹನ್ನೊಂದು ವರ್ಷದಲ್ಲಿ ನೀನಿದನ್ನ ಒಂದ್ಸಲಾನೂ ಬಿಚ್ಚಿಲ್ಲ."

"ಒಂದ್ಸಲಾನೂ ಇಲ್ಲ ಅತ್ತೆ" ಎಂದ ವಿಲ್ಮಾರ್ ಹೆಮ್ಮೆಯಿಂದ.

ಅತ್ತೆಯ ಮುಖ ಬಾಡಿತು. "ಅಪ್ಪ ಯಾವ ವಾಚನ್ನೂ ಇದ್ದ ಹಾಗೆ ಬಿಟ್ಟೋರಲ್ಲ. ಮುಳ್ಳು ಬದಲಾಯಿಸೋರು, ಡಯಲಿಗೆ ಬಣ್ಣ ಬರೆಯೋರು. ಆ ಹುಚ್ಚು ನಿಂಗೂ ಬಂದಿರುತ್ತೆ ಅಂತ ಅಂದ್ಕೊಂಡಿದ್ದೆ. ಅದಕ್ಕೇ ಇದನ್ನ ಹೊತ್ಕೊಂಡು ಬಂದೆ." ಅವಳು ಪೆಟ್ಟಿಗೆ ತೆರೆದಳು. ಒಳಗೆ ಅಜ್ಜನ ಸಲಕರಣೆಗಳು, ಕೂದಲೆಳೆಯಂಥ ಮುಳ್ಳುಗಳು, ಕೈಯಿಂದ ಬಣ್ಣ ಬರೆದ ಇಪ್ಪತ್ತು ಡಯಲುಗಳು. ನಡುವಿನದು ನೀಲಿ. ವಿಲ್ಮಾರ್‌ನ ಕನಸಿನ ಸಮುದ್ರಕ್ಕಿಂತ ಆಳವಾದ ನೀಲಿ.

"ಅಪ್ಪಂಗೂ ಈಜು ಬರ್ತಿರಲಿಲ್ಲ" ಎಂದಳು ಅತ್ತೆ.

ವಿಲ್ಮಾರ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಅತ್ತೆ, ನಾನು ಸುಳ್ಳು ಹೇಳ್ದೆ. ಎಲ್ಲಾ ಬಿಚ್ಚಿದೀನಿ, ಎಲ್ಲಾ ಬದಲಾಯಿಸಿದ್ದೆ. ಇವತ್ತು ಬೆಳಗ್ಗೆ ವಾಪಸ್ ಕೂಡಿಸಿದ್ದು."

"ಪೆಟ್ಟಿಗೆ ನೋಡಿದ್ಮೇಲೆ ಹೀಗೆಲ್ಲ ಹೇಳ್ಬಾರ್ದು ಮಗ."

"ಎದಿಸೊನ್, ಹೇಳೋ."

ಎದಿಸೊನ್ ಅವನನ್ನು ನೋಡಿದ. ನಾನೇ ಬಂದು ಹೇಳು ಅಂದ್ರೂ ಹೇಳ್ಬಾರ್ದು ಎಂಬ ಮಾತು ಅವನಿಗೆ ನೆನಪಿತ್ತು. ಕಣ್ಣು ಮಿಟುಕಿಸಿ, "ಇವ್ನಾ? ಒಂದು ತಿರುಪೂ ಮುಟ್ಟಿದೋನಲ್ಲ ಅತ್ತೆ" ಎಂದ. ನೆಲಿದಾ ಕೊರಳಿನ ಬೆಕ್ಕನ್ನು ಭದ್ರವಾಗಿ ಹಿಡಿದು ಹೌದೆಂದು ತಲೆಯಾಡಿಸಿದಳು.

ಅತ್ತೆಯ ಕಣ್ಣು ಎದಿಸೊನ್‌ನ ಮಣಿಕಟ್ಟಿನ ಮೇಲೆ ಬಿತ್ತು. "ಆ ನೀಲಿ ಚೆನ್ನಾಗಿದೆಯಲ್ಲಪ್ಪ. ಎಲ್ಲಿ ಹಾಕಿಸಿದ್ದು?"

"ಹಾಕಿಸೋದೇನು ಬಂತು. ನಮ್ಮಂಗಡೀಲೇ, ಇವತ್ತು ಬೆಳಗ್ಗೆ ಕೂಡಿಸಿದ್ದು."

ಅಪ್ಪನ ಹುಚ್ಚು ಇರುವುದು ಇವನಿಗೇ ಎಂದುಕೊಂಡಳು ಅತ್ತೆ. ಊಟ ಮುಗಿಯುವ ಹೊತ್ತಿಗೆ ಪೆಟ್ಟಿಗೆ ಎದಿಸೊನ್‌ನ ತೊಡೆಯ ಮೇಲಿತ್ತು. ಅವನಿಗೆ ಪಾಪ, ಬೇಡ ಎನ್ನಲು ದಾರಿಯೇ ಕಾಣಲಿಲ್ಲ. ಬೇಡ ಅಂದರೆ ಯಾಕೆಂದು ಹೇಳಬೇಕು, ಹೇಳಿದರೆ ಆಣೆ ಮುರಿಯಬೇಕು.

ಹೊರಡುವಾಗ ಅತ್ತೆ ಅಜ್ಜನ ವಾಚನ್ನು ತಾನೇ ವಿಲ್ಮಾರ್‌ನ ಕೈಗೆ ಕಟ್ಟಿ, ಕೆನ್ನೆ ಸವರಿದಳು.

"ಬೇಜಾರು ಮಾಡ್ಕೋಬೇಡ. ಜೋಪಾನ ಮಾಡೋದೂ ಒಂದು ಗುಣಾನೇ. ಇದನ್ನ ಹೀಗೇ ಇಟ್ಕೊಂಡಿರು. ಇನ್ಮೇಲೆ ಪ್ರತಿ ಇಪ್ಪತ್ತೊಂಬತ್ತಕ್ಕೂ ಬಂದು, ಮುಚ್ಚಳ ತೆಗೆದು ನೋಡ್ತೀನಿ."