ಮಾವನ ರೇಡಿಯೋ, ಊರಿನ ಆನೆಬೇಲಿ

ಕೋಳಿಯ ಬಾಣಂತನ ಮುಗಿಯಲೆಂದು ಕಾದು ಕೂತು ರೇಡಿಯೋ ತಂದ ಗಂಡಸು ಈ ಭೂಮಿಯ ಮೇಲೆ ಒಬ್ಬರೇ ಇರುವುದು. ನನ್ನ ಅದೃಷ್ಟ ನೋಡಿ, ಅವರು ನನ್ನ ಸೋದರಮಾವ!

ಹೆಸರು ಹೇಳುವುದಿಲ್ಲ. ಹುಣಸೂರಿನ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಹೆಸರು ಹೇಳಿದೆನೋ, ಆಧಾರ್ ಕಾರ್ಡ್ ಹಿಡಿದು ಬರುವ ಗಿರಾಕಿಗಳೆಲ್ಲ ಮೊದಲು ಮಾವನ ಸಮಾಚಾರ ಕೇಳಿ ಆಮೇಲೆ ಕಾರ್ಡು ಕೊಡುತ್ತಾರೆ. ಮಾವನ ಊರು ವೀರನಹೊಸಹಳ್ಳಿಯ ಹತ್ತಿರ, ಕಾಡಿನ ಅಂಚಿಗೆ. ಹೊಗೆಸೊಪ್ಪು, ರಾಗಿ, ಒಂದಿಷ್ಟು ಬಾಳೆ ಬೆಳೆಯುತ್ತಾರೆ. ಬೆಳೆದುಕೊಂಡು ತೆಪ್ಪಗಿರಬಹುದಲ್ಲ? ಇರುವುದಿಲ್ಲ. ಒಂದು ಸಲ ಕೆಟ್ಟ ಮಿಕ್ಸಿಯ ಮೋಟಾರಿಗೆ ತಗಡಿನ ರೆಕ್ಕೆ ಕಟ್ಟಿ ರಾಗಿ ತೂರಲು ಹೋಗಿ, ಅರ್ಧ ರಾಗಿಯನ್ನು ಪಕ್ಕದ ಮನೆಯ ಹೆಂಚಿನ ಮೇಲೆ ಹಾರಿಸಿದ್ದರು. ಅದು ಗೆದ್ದ ಪ್ರಯೋಗವೆಂದೇ ಇವತ್ತಿಗೂ ಅವರ ವಾದ. ರಾಗಿ ಹಾರಿತೋ ಇಲ್ಲವೋ ಹೇಳಿ ಎನ್ನುತ್ತಾರೆ!

ರೇಡಿಯೋ ಹುಚ್ಚಿಗೆ ಮೂಲ ನಮ್ಮ ಅತ್ತೆ. ಸೋಬಾನೆ ಪದದಲ್ಲಿ ಅತ್ತೆಯದು ಎತ್ತಿದ ಕೈ. ಸುತ್ತಲ ಹಳ್ಳಿಗಳಲ್ಲಿ ಮದುವೆ ಎಂದರೆ ಹಸೆಯ ಮುಂದೆ ಅತ್ತೆ ಪದ ಎತ್ತಬೇಕು, ಉಳಿದ ಹೆಂಗಸರು ಸೊಲ್ಲು ಹಿಡಿಯಬೇಕು. ಇಷ್ಟು ವರ್ಷ ಸಂಸಾರ ಮಾಡಿದ ಮಾವ ಮಾತ್ರ ಹೆಂಡತಿಯ ಒಂದು ಪದವನ್ನೂ ಪೂರ್ತಿ ಕೇಳಿಲ್ಲ! ಕಾರಣ ಇಷ್ಟೇ: ಅದೇ ಮದುವೆಗಳಲ್ಲಿ ಅಡುಗೆಯ ಉಸ್ತುವಾರಿ ಮಾವನದು. ಅತ್ತೆ ಚಪ್ಪರದಲ್ಲಿ ಹಾಡುವ ಹೊತ್ತಿಗೆ ಇವರು ಹಿತ್ತಲಲ್ಲಿ ಕೊಪ್ಪರಿಗೆಯ ಮುಂದೆ ಹೊಗೆ ಕುಡಿಯುತ್ತಿರುತ್ತಾರೆ. ಮನೆಯಲ್ಲಿ ಒಂದು ಪದ ಹೇಳು ಎಂದರೆ ಅತ್ತೆ ಸುತರಾಂ ಒಪ್ಪುವುದಿಲ್ಲ. ಹಸೆ ಇಲ್ಲ, ಮದುಮಕ್ಕಳಿಲ್ಲ, ಬರೀ ಮನೆಯಲ್ಲಿ ಸೋಬಾನೆ ಹೇಳಿದರೆ ನೋಡಿದವರು ಏನಂದುಕೊಂಡಾರು ಎಂದು ಅಲ್ಲಿಗೇ ಬಾಯಿ ಮುಚ್ಚಿಸುತ್ತಾರೆ.

ಹೋದ ವರ್ಷ ಬೆಂಗಳೂರಿನ ರೇಡಿಯೋದವರು ಊರಿಗೇ ಬಂದು, ಶಾಲೆಯ ಕೋಣೆಯಲ್ಲಿ ಹೆಂಗಸರನ್ನು ಕೂರಿಸಿ ಅತ್ತೆಯ ಪದ ರೆಕಾರ್ಡ್ ಮಾಡಿಕೊಂಡು ಹೋದರು. ಗಂಡಸರು ಕೆಮ್ಮುತ್ತಾರೆಂದು ಒಳಗೆ ಬಿಡಲಿಲ್ಲ. ಮಾವ ಅಲ್ಲೂ ಬಾಗಿಲಾಚೆಯೇ! ರಾಗಿ ಕೊಯ್ಲಿನ ಹೊತ್ತಿಗೆ ಪ್ರಸಾರ ಮಾಡುತ್ತೇವೆ, ದಿನ ತಿಳಿಸುತ್ತೇವೆ ಎಂದು ಹೇಳಿ ಹೋದರು. ಮಾವ ಅವತ್ತೇ ಹಳೇ ಕಾಲದ ವಾಲ್ವ್ ರೇಡಿಯೋ ಹುಡುಕಲು ಹೊರಟರು. ವಾಲ್ವ್ ಎಂದರೆ ಒಳಗಿರುವ ಗಾಜಿನ ಬುರುಡೆ. ಅದು ಕಾದು ಕೆಂಪಗಾದರೇನೇ ಆ ರೇಡಿಯೋಗಳಿಗೆ ಬಾಯಿ ಬರುವುದು. ಮೊಬೈಲಿನಲ್ಲೇ ಕೇಳಬಹುದಲ್ಲ ಮಾವ ಎಂದೆ.

"ಮೊಬೈಲಲ್ಲಿ ಎಲ್ಲಾರ್ ದನೀನೂ ಕೀಚಲಾಗೇ ಬತ್ತದೆ ಕಣವ್ವ. ನಿಮ್ಮತ್ತೆ ದನಿಗೆ ಮರದ್ ಪೆಟ್ಟಿಗೆ ರೇಡಿಯೋನೇ ಆಗ್ಬೇಕು. ಜಗಲಿ ಮ್ಯಾಲೆ ಮಡೀಕಂಡು, ಕಾಲ್ ನೀಡ್ಕಂಡು, ಒಂದ್ ಪದನಾದ್ರೂ ಸುರುವಿಂದ ಕೊನೇಗಂಟ ಕೇಳ್ಬೇಕು."

ಅದು ಸಿಕ್ಕಿದ್ದು ಪಿರಿಯಾಪಟ್ಟಣದ ಒಂದು ಬೀಗರೂಟದಲ್ಲಿ. ಎಲ್ಲರೂ ಉಂಡು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರೆ, ಕೈ ತೊಳೆಯಲು ಹಿತ್ತಲಿಗೆ ಹೋದ ಮಾವ ಕೊಟ್ಟಿಗೆಯ ಮುಂದೆ ನಿಂತುಬಿಟ್ಟಿದ್ದರು. ಮೂಲೆಯಲ್ಲಿ ದೊಡ್ಡದೊಂದು ಮರದ ರೇಡಿಯೋ ಪೆಟ್ಟಿಗೆ. ಸ್ಪೀಕರ್ ಇರಬೇಕಾದ ದುಂಡು ಕಿಂಡಿಯಿಂದ ಕೋಳಿಯೊಂದು ಇನ್ನೇನು ವಾರ್ತೆ ಓದುತ್ತೇನೆ ಎನ್ನುವಂತೆ ಮುಖ ಹೊರಗಿಟ್ಟಿತ್ತು. ಒಳಗಿನ ತಂತಿ, ತಗಡು, ಬುರುಡೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಯಾವ ಕಾಲದಲ್ಲೋ ಅಟ್ಟಕ್ಕೆ ಎಸೆದಿದ್ದರಂತೆ. ತೆಗೆದುಕೊಂಡು ಹೋಗಿ, ನಮಗೂ ಜಾಗ ಆಗುತ್ತದೆ ಎಂದರು ಮನೆಯಾಕೆ. ಆದರೆ ಕೋಳಿ ಕಾವಿಗೆ ಕೂತಿದೆ, ಮರಿ ಆಗುವವರೆಗೆ ಅಲುಗಾಡಿಸುವಂತಿಲ್ಲ ಎಂದೂ ಹೇಳಿದರು.

ಅಲ್ಲಿಂದ ಶುರುವಾಯಿತು. ಬೆಳಗಾದರೆ ಮಾವ ಪಿರಿಯಾಪಟ್ಟಣಕ್ಕೆ ಫೋನ್ ಮಾಡುವುದು, ಕೋಳಿ ಹೇಗಿದೆ, ಮೇವು ತಿಂತಾ, ಎದ್ದು ಓಡಾಡ್ತಾ ಎಂದು ವಿಚಾರಿಸುವುದು. ಕೊನೆಗೊಂದು ದಿನ ಅವರೇ ಫೋನ್ ಮಾಡಿ ತಾಯಿ ಮಕ್ಕಳು ಎಲ್ಲ ಕ್ಷೇಮ ಎಂದು ತಿಳಿಸಿದರು. ಇಷ್ಟು ಕೋಳಿಪ್ರೀತಿಯ ಮನುಷ್ಯನನ್ನು ನಾನು ಕಂಡೇ ಇಲ್ಲ ಎಂದು ಆಕೆ ಊರೆಲ್ಲ ಹೊಗಳಿದರಂತೆ. ಬೀಗರೂಟದ ದಿನ ಇದೇ ಮನುಷ್ಯ ಕೋಳಿಸಾರನ್ನು ಎಷ್ಟು ಸಲ ಹಾಕಿಸಿಕೊಂಡರು ಎಂಬುದು ಬಡಿಸಿದವರಿಗೆ ಮಾತ್ರ ಗೊತ್ತು!

ರೇಡಿಯೋ ಬಸ್ಸಿನಲ್ಲಿ ಬಂತು, ಪೆಟ್ಟಿಗೆ ಮಾವನ ತೊಡೆಯ ಮೇಲೆ, ಅಟ್ಟದ ಗೋಣಿಚೀಲ ಕಾಲಬುಡದಲ್ಲಿ. ಅದರ ವಾಸನೆಗೆ ಮುಂದಿನ ಸೀಟು, ಹಿಂದಿನ ಸೀಟು ಎರಡೂ ಖಾಲಿಯಾದವು. ಕಂಡಕ್ಟರ್ ಮೂಗು ಮುಚ್ಚಿಕೊಂಡು ಬಂದು ಕೋಳಿಗೆ ಟಿಕೆಟ್ ತೆಗೆದುಕೊಳ್ಳಿ ಎಂದ. ಇದು ಕೋಳಿಯಲ್ಲ, ರೇಡಿಯೋ ಎಂದು ಮಾವ ವಾದಿಸಿದರು. ವಾದಿಸಿದ ಮೇಲೆ ಸುಮ್ಮನಿರಬೇಕಲ್ಲ, ಬೇಕಾದರೆ ನೋಡು ಎಂದು ಹಿಂದಿನ ಮುಚ್ಚಳ ತೆಗೆದರು. ಕಿಟಕಿಯ ಗಾಳಿಗೆ ಒಳಗಿಂದ ಒಂದು ಪುಕ್ಕ ಎದ್ದು ಬಂದು ಕಂಡಕ್ಟರನ ಮೀಸೆಗೆ ಅಂಟಿತು. ಮಾವ ದುಡ್ಡು ತೆಗೆದರು. ಕೋಳಿ ಟಿಕೆಟ್ ತೆಗೆದುಕೊಂಡು ಪ್ರಯಾಣ ಮಾಡಿದ ರೇಡಿಯೋ ನಮ್ಮ ಕಡೆ ಇದೊಂದೇ ಇರಬೇಕು.

ನನ್ನ ಅಂಗಡಿಯ ಪಕ್ಕದಲ್ಲಿ ವಯಸ್ಸಾದ ಟಿ.ವಿ. ರಿಪೇರಿಯವರೊಬ್ಬರು ಇದ್ದಾರೆ. ಅವರು ಚೀಲದ ಸಾಮಾನನ್ನೆಲ್ಲ ಪೆಟ್ಟಿಗೆಗೆ ಕೂರಿಸಿ ನೋಡಿ, ಕಾಯಿಲ್, ಅಂದರೆ ತಂತಿಯ ಸುರುಳಿ, ತುಂಬ ಥಂಡಿ ಹಿಡಿದಿದೆ, ಹದವಾದ ಶಾಖದಲ್ಲಿ ಒಣಗಿಸಿಕೊಂಡು ಬನ್ನಿ ಎಂದರು. ಹೊಗೆಸೊಪ್ಪಿನವರಿಗೆ ಒಣಗಿಸು ಎಂದು ಹೇಳಬಹುದೇ? ಬ್ಯಾರನ್ ಇದೆಯಲ್ಲ, ಒಲೆಯ ಬಿಸಿಗೆ ಹಸಿ ಸೊಪ್ಪನ್ನು ಹಳದಿ ಮಾಡಿ ಒಣಗಿಸುವ ಎತ್ತರದ ಕೋಣೆ, ಮಾವ ಅದರೊಳಗೆ ಸೊಪ್ಪಿನ ಕಡ್ಡಿಗಳ ನಡುವೆ ರೇಡಿಯೋವನ್ನೂ ನೇತುಹಾಕಿದರು. ಬರೀ ಕಾಯಿಲ್ ಅಲ್ಲ, ಇಡೀ ರೇಡಿಯೋ, ಪೆಟ್ಟಿಗೆ ಸಮೇತ! ಬ್ಯಾರನ್ ಬಾಗಿಲು ತೆಗೆದಾಗ ಕಾಯಿಲ್ ಚೆನ್ನಾಗಿಯೇ ಒಣಗಿತ್ತು. ಆದರೆ ಅಂಟು ಬಿಟ್ಟುಕೊಂಡು ಪೆಟ್ಟಿಗೆ ಬಿಡಿ ಬಿಡಿ ಹಲಗೆಯಾಗಿತ್ತು. ಕಂಡೆನ್ಸರುಗಳ ಮೇಣವೆಲ್ಲ ಕರಗಿ ಕೆಳಗಿನ ಸೊಪ್ಪಿನ ಮೇಲೆ ಸೋರಿತ್ತು. ಮುಂದಿನ ಕಿಂಡಿಗೆ ಮಾವ ಹೊಸದಾಗಿ ಬಿಗಿದಿದ್ದ ಬಿಳಿ ಬಟ್ಟೆ ಹೊಂಬಣ್ಣಕ್ಕೆ ತಿರುಗಿತ್ತು. ಮಾವ ಆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಒಳ್ಳೇ ಗ್ರೇಡ್ ಬಂದಿದೆ ಎಂದರು. ಹಾಗಾದರೆ ಸೊಪ್ಪಿನ ಬೇಲ್ ಜೊತೆ ಇದನ್ನೂ ಹರಾಜಿಗೆ ಹಾಕಿಬಿಡಿ ಎಂದು ಅತ್ತೆ ಒಳಗೆ ಹೋದರು.

ಬಡಗಿ ಹಲಗೆ ಕೂಡಿಸಿಕೊಟ್ಟ. ರಿಪೇರಿಯವರು ಕಂಡೆನ್ಸರ್ ಬದಲಾಯಿಸಿ, ಒಡೆದಿದ್ದ ಒಂದು ವಾಲ್ವನ್ನು ಮೈಸೂರಿನ ಗುಜರಿಯಲ್ಲಿ ಹುಡುಕಿ ತಂದು ಕೂರಿಸಿದರು. ಒಂದು ಮಧ್ಯಾಹ್ನ ಮಾವನ ಜಗಲಿಯ ಮೇಲೆ ಸ್ವಿಚ್ ಹಾಕಿದೆವು. ಬುರುಡೆಗಳು ನಿಧಾನಕ್ಕೆ ಕೆಂಪಾದವು. ಗೊರಗೊರ ಎಂದಿತು. ಆಮೇಲೆ ಪೆಟ್ಟಿಗೆಯೊಳಗಿಂದ ಒಬ್ಬ ಮನುಷ್ಯ ದಪ್ಪ ದನಿಯಲ್ಲಿ ರೇಷ್ಮೆಗೂಡಿನ ಧಾರಣೆ ಹೇಳಿದ. ಆಹಾ! ರೇಷ್ಮೆಗೂಡಿನ ಧಾರಣೆ ಅಷ್ಟು ಇಂಪಾಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮಾವ ಎದ್ದು ನಿಂತು ರೇಡಿಯೋಗೆ ಕೈ ಮುಗಿದರು.

ಸಂತೋಷ ಸಂಜೆಯವರೆಗೆ. ಹೊತ್ತು ಮುಳುಗುತ್ತಲೇ ರೇಡಿಯೋ ಟಕ್, ಟಕ್ ಎನ್ನಲು ಹಿಡಿಯಿತು. ವಾರ್ತೆಯ ನಡುವೆ ಟಕ್, ಹಾಡಿನ ನಡುವೆ ಟಕ್, ಬೆಳಗಾದರೆ ಬಂದ್! ಮಾವನಿಗೆ ಮೊದಲು ಅನುಮಾನ ಬಂದಿದ್ದು ಗೋಡೆ ಗಡಿಯಾರದ ಮೇಲೆ. ಅದೂ ಹಾಗೇ ತಾನೇ ಅನ್ನುವುದು? ಅದರ ಸೆಲ್ ಕಿತ್ತರು. ಆಮೇಲೆ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್. ಕೊನೆಗೆ ಬೀದಿಗಿಳಿದು ಮನೆಮನೆಗೂ ಹೋಗಿ ಒಂದು ಗಳಿಗೆ ಟಿ.ವಿ. ಆರಿಸಿ ಎಂದು ಕೇಳಿಕೊಂಡರು. ಅದೂ ಧಾರಾವಾಹಿಯ ಹೊತ್ತಿನಲ್ಲಿ! ಬೀದಿಯ ಹೆಂಗಸರು ಆ ವಾರವಿಡೀ ಮಾವನನ್ನು ಮಾತಾಡಿಸಲಿಲ್ಲ.

ಗುಟ್ಟು ರಟ್ಟಾಗಿದ್ದು ಮಾವನ ಗೆಳೆಯನಿಂದ. ಆತ ಪಕ್ಕದ ಮನೆಯವನು, ಚಿಕ್ಕಂದಿನಲ್ಲಿ ಮಾವನ ಜೊತೆ ಎಮ್ಮೆ ಮೇಯಿಸಿದವನು. ಕಾಡಿನಿಂದ ಆನೆ ಬರದಂತೆ ಊರಿನವರು ಹಾಕಿಸಿರುವ ಸೋಲಾರ್ ಬೇಲಿಯ ಉಸ್ತುವಾರಿ ಆತನದು. ಸಂಜೆ ಬೇಲಿಗೆ ಕರೆಂಟ್ ಕೊಡುವುದು, ಬೆಳಗ್ಗೆ ತೆಗೆಯುವುದು. ಒಂದು ಸಂಜೆ ಆತ ಬೇಲಿ ಹಾಕಲು ಮರೆತು ಜಗಲಿಯಲ್ಲಿ ಹರಟುತ್ತ ಕೂತಿದ್ದ. ರೇಡಿಯೋ ಸ್ವಚ್ಛವಾಗಿ ಹಾಡುತ್ತಿತ್ತು. ನೆನಪಾಗಿ ಎದ್ದು ಹೋಗಿ ಬೇಲಿ ಹಾಕಿದ್ದೇ ತಡ, ಇತ್ತ ಟಕ್! ಬೇಲಿಯ ತಂತಿಯಲ್ಲಿ ಕರೆಂಟು ತಟ್ಟಿ ತಟ್ಟಿ ಹರಿಯುತ್ತದಲ್ಲ, ಒಂದೊಂದು ತಟ್ಟೂ ಮಾವನ ರೇಡಿಯೋದಲ್ಲಿ ಕೇಳುತ್ತಿತ್ತು.

ಹೆಂಡತಿಯ ಪದ ಬರುವ ದಿನ ಸ್ವಲ್ಪ ಹೊತ್ತು ಬೇಲಿ ಆರಿಸುತ್ತೀಯಾ ಎಂದು ಮಾವ ಕೇಳಿದರು.

"ಯಾಕ್ಲಾ, ಪದ ಕೇಳಾಕೆ ಆನೇನೂ ಕರ್ದಿದ್ದೀಯಾ?" ಎಂದ ಗೆಳೆಯ.

ಆರಿಸಲಿಲ್ಲ. ಆದರೆ ಆತನಿಗೆ ಬೇರೊಂದು ಲಾಭ ಹೊಳೆಯಿತು. ಅಲ್ಲಿಯವರೆಗೆ ಬೇಲಿಗೆ ಜೀವ ಇದೆಯೋ ಇಲ್ಲವೋ ಎಂದು ಹಸಿ ಹುಲ್ಲುಕಡ್ಡಿ ಮುಟ್ಟಿಸಿ, ಕೈ ಜುಂ ಅನ್ನಿಸಿಕೊಂಡು ನೋಡಬೇಕಿತ್ತು. ಈಗ ಮಾವನ ಮನೆ ಮುಂದೆ ಹಾದು ಹೋಗುತ್ತ ಟಕ್ ಅಂತೈತಾ ಎಂದು ಕೇಳಿದರೆ ಸಾಕು. ಕ್ರಮೇಣ ಕಾಡಂಚಿಗೆ ಹೊಲವಿದ್ದವರೆಲ್ಲ ಹಾಗೇ ಕೇಳತೊಡಗಿದರು. ಟಕ್ ಅಂದರೆ ಬೇಲಿ ಇದೆ, ನಿಂತರೆ ಆನೆಗೆ ದಾರಿ. ಮಾವನಿಗೆ ಮಾತ್ರ ಇದರಿಂದ ಎಳ್ಳಷ್ಟೂ ಖುಷಿಯಾಗಲಿಲ್ಲ. ನಾನೇನು ಆನೆ ಕಾಯಲು ರೇಡಿಯೋ ಮಾಡಿದೆನೇ ಎಂದು ನನ್ನ ಮುಂದೆ ಗೊಣಗಿದರು.

ಪ್ರಸಾರದ ಸಂಜೆ ಬಂತು. ನಾನು ಅಂಗಡಿಗೆ ಬೇಗ ಬಾಗಿಲು ಹಾಕಿ ಬಸ್ಸು ಹತ್ತಿದೆ. ಅತ್ತೆಯ ಜೊತೆ ಹಾಡಿದ ಹೆಂಗಸರೆಲ್ಲ ಒಳ್ಳೆ ಸೀರೆ ಉಟ್ಟು ಜಗಲಿ ತುಂಬ ಕೂತಿದ್ದರು. ರೇಡಿಯೋದಲ್ಲಿ ಸೀರೆ ಕಾಣುತ್ತದೆಯೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅತ್ತೆ ತನಗೂ ಇದಕ್ಕೂ ಸಂಬಂಧವೇ ಇಲ್ಲದವರಂತೆ ಹೊಸ್ತಿಲ ಹತ್ತಿರ ಅವರೆಕಾಯಿ ಬಿಡಿಸುತ್ತಿದ್ದರು. ಗೆಳೆಯನೂ ಬೀದಿಯ ನಾಲ್ಕಾರು ಗಂಡಸರೂ ಬಂದಿದ್ದರು. ಮಾವ ಹೇಳಿದ ಮಾತಿನಂತೆ ರೇಡಿಯೋ ಪಕ್ಕದಲ್ಲಿ ಕಾಲು ನೀಡಿಕೊಂಡು ಕೂತಿದ್ದರು.

ರೇಡಿಯೋದಲ್ಲಿ ಅತ್ತೆಯ ಹೆಸರು ಹೇಳಿದರು, ಊರಿನ ಹೆಸರು ಹೇಳಿದರು. ಹೆಣ್ಣೊಪ್ಪಿಸುವ ಪದ ಶುರುವಾಯಿತು. ನಡುನಡುವೆ ಟಕ್, ಟಕ್. ಯಾರೋ ತಾಳ ಹಾಕುತ್ತಿದ್ದಾರೆ ಬಿಡಿ ಎಂದು ಹೆಂಗಸರು ನಕ್ಕರು. ಮಾವ ಕಿವಿಯನ್ನು ಪೆಟ್ಟಿಗೆಗೇ ಒತ್ತಿ ಹಿಡಿದಿದ್ದರು.

ಇದ್ದಕ್ಕಿದ್ದಂತೆ ಟಕ್ ನಿಂತಿತು.

ಅತ್ತೆಯ ದನಿ ತಿಳಿಯಾಗಿ, ದುಂಡಗೆ, ಅವರೇ ಪೆಟ್ಟಿಗೆಯೊಳಗೆ ಕೂತು ಹಾಡುವಂತೆ ಜಗಲಿ ತುಂಬಿಕೊಂಡಿತು. ಎಲ್ಲರೂ ನಗು ನಿಲ್ಲಿಸಿ ಕೇಳತೊಡಗಿದರು. ಗೆಳೆಯನೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಮಾವನ ಮುಖ ಅರಳಿತು. ನಾನು ನೋಡುತ್ತಿದ್ದ ಹಾಗೆಯೇ ಇಳಿಯಿತು. ಅವರು ರೇಡಿಯೋ ನೋಡಿದರು, ಕತ್ತಲಾಗುತ್ತಿದ್ದ ಕಾಡಿನ ಕಡೆ ನೋಡಿದರು, ಮತ್ತೆ ರೇಡಿಯೋ ನೋಡಿದರು. ಬೇಲಿಗೆ ಹತ್ತಿರವಿರುವುದು ಮಾವನ ಹೊಲವಲ್ಲ, ಗೆಳೆಯನದು. ಆತ ಕೊಯ್ದ ರಾಗಿಯೆಲ್ಲ ಇನ್ನೂ ಹೊಲದಲ್ಲೇ ಇತ್ತು.

"ಏಳ್ಲಾ, ಬೇಲಿ ಸತ್ತೋಗದೆ" ಎಂದು ಗೆಳೆಯನ ಭುಜ ಅಲುಗಾಡಿಸಿ, ಟಾರ್ಚ್ ಎತ್ತಿಕೊಂಡು ಜಗಲಿ ಇಳಿದು ಓಡಿದರು. ಗಂಡಸರೆಲ್ಲ ಹಿಂದೆಯೇ ಓಡಿದರು.

ಅತ್ತೆ ಎದ್ದು ಬಂದರು. ತಮ್ಮದೇ ಪದ ಇನ್ನೂ ಅರ್ಧದಲ್ಲಿದ್ದಾಗ ರೇಡಿಯೋದ ಕಿವಿ ಹಿಂಡಿ ಆರಿಸಿಬಿಟ್ಟರು. ಹೆಂಗಸರು ಅಯ್ಯಯ್ಯೋ ಎಂದು ಮೇಲೆ ಬಿದ್ದರು. ಬೆಂಗಳೂರಿನಿಂದ ಬರುತ್ತಿರುವುದನ್ನು ಹೀಗೆ ಆರಿಸುವುದೇ!

"ಕೇಳ್ಬೇಕಾದೋರೇ ಎದ್ದೋದ್ರಲ್ಲ, ಇನ್ಯಾರ್ಗೆ ಅದು?" ಎಂದರು ಅತ್ತೆ.

ದೂರದಲ್ಲಿ ಕೂಗಾಟ ಕೇಳಿತು, ಪಟಾಕಿ ಸಿಡಿಯಿತು, ಆಮೇಲೆ ತಣ್ಣಗಾಯಿತು. ಸ್ವಲ್ಪ ಹೊತ್ತಿಗೆ ಗಂಡಸರು ವಾಪಸ್ಸಾದರು. ಬೇಲಿಯ ಬ್ಯಾಟರಿಯ ವಯರು ಕಳಚಿತ್ತಂತೆ. ಆನೆ ಬೇಲಿಯಾಚೆಯೇ ಕಿವಿ ಬೀಸುತ್ತ ನಿಂತಿತ್ತಂತೆ, ಕೂಗಾಟಕ್ಕೆ ಹಿಂದಕ್ಕೆ ಹೋಯಿತಂತೆ. ಒಂದು ತೆನೆಯೂ ಹೋಗಲಿಲ್ಲವೆಂದು ಗೆಳೆಯ ಎಲ್ಲರಿಗೂ ಹೇಳುತ್ತಿದ್ದ. ಮಾವ ಎಲ್ಲರಿಗಿಂತ ಹಿಂದೆ ಬಂದರು. ಹಳ್ಳಕ್ಕೆ ಜಾರಿ ಮೈಯೆಲ್ಲ ಕೆಸರು, ಒಂದೇ ಕಾಲಿನಲ್ಲಿ ಚಪ್ಪಲಿ. ಸದ್ದಿಲ್ಲದ ರೇಡಿಯೋ ನೋಡಿ ಜಗಲಿಯ ಅಂಚಿಗೆ ಕುಸಿದರು.

"ಮುಗ್ದೋಯ್ತಾ ಅಮ್ಮೀ?"

"ಇನ್ನೂ ಸುರುವಾಗಿಲ್ಲ. ಸರ್ಯಾಗ್ ಕೂತ್ಕಳಿ" ಎಂದು ಅತ್ತೆ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟರು.

ಹಸೆಯಿಲ್ಲ, ಮದುಮಕ್ಕಳಿಲ್ಲ. ಅತ್ತೆ ಮಾವನ ಎದುರು ಕೂತು ಮೊದಲ ಸೊಲ್ಲಿನಿಂದ ಪದ ಎತ್ತಿದರು. ಹೆಂಗಸರು ಮುಖ ಮುಖ ನೋಡಿಕೊಂಡು, ನಾಚಿ, ನಕ್ಕು, ಸೊಲ್ಲು ಹಿಡಿದರು. ಮಾವ ಕೆಸರು ಕಾಲನ್ನೇ ನೀಡಿಕೊಂಡು ಕೇಳುತ್ತ ಕೂತರು. ನನಗೆ ಅವರ ಮೇಲೆ ಅವತ್ತು ಬಂದಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ. ಕಣ್ಣೊರೆಸಿಕೊಳ್ಳಲು ಕೈಯೆತ್ತಿದರು, ಕೈ ತುಂಬ ಕೆಸರಿತ್ತು, ಹಾಗೇ ಇಳಿಸಿದರು. ಅತ್ತೆ ಮುಂದಕ್ಕೆ ಬಾಗಿ ಸೆರಗಿನಿಂದ ಒರೆಸಿದರು. ಪದ ನಿಲ್ಲಿಸಲಿಲ್ಲ.